ಬ್ಯಾಂಕಿಗೊಂದು ಲೆಕ್ಕ, ವಿಮೆಗೊಂದು ಲೆಕ್ಕ

ಈ ತಿಂಗಳು ಬೇಕರಿ, ಅಂಗಡಿ, ಮಗ್ಗ ಇಟ್ಟುಕೊಂಡವರ ಕಾಗದಗಳೇ ಜಾಸ್ತಿ ಬಂದಿವೆ. ಮೊದಲನೆಯದಕ್ಕೆ ಉದ್ದಕ್ಕೆ ಉತ್ತರ ಬರೆದಿದ್ದೇನೆ, ಉಳಿದವರ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಪಾಲಿಸಿ ಮಾರಿದವಳಲ್ಲ. ದಾವಣಗೆರೆಯಲ್ಲಿದ್ದುಕೊಂಡು 27 ವರ್ಷ ನಷ್ಟ ಅಳೆಯುವ ಸರ್ವೇಯರ್ ಕೆಲಸ ಮಾಡಿದವಳು. ಶುರುವಿನಲ್ಲಿ ಸುಟ್ಟ ಅಂಗಡಿಗೆ ಹೋದರೆ ಮಾಲೀಕರು ನನ್ನ ಬೆನ್ನ ಹಿಂದೆ ನೋಡಿ “ಸರ್ವೇಯರ್ ಬರಲಿಲ್ವಾ?” ಅಂತ ಕೇಳುತ್ತಿದ್ದರು. ನಾನು ಟೇಪು ಬಿಚ್ಚಿದ ಮೇಲೆ ಸುಮ್ಮನಾಗುತ್ತಿದ್ದರು.

ಮೇಡಂ, ಅರಸೀಕೆರೆಯಲ್ಲಿ ನಮ್ಮದೊಂದು ಬೇಕರಿ ಇದೆ. ಬಾಡಿಗೆ ಕಟ್ಟಡ. ಮುದ್ರಾ ಸಾಲದಲ್ಲಿ ಓವನ್ ಹಾಕಿಸಿದೆವು. ಬ್ಯಾಂಕಿನವರೇ 4 ಲಕ್ಷಕ್ಕೆ ಇನ್ಶೂರೆನ್ಸ್ ಮಾಡಿಸಿ, ವರ್ಷಾ ವರ್ಷ ಖಾತೆಯಿಂದ ದುಡ್ಡು ಮುರಿದುಕೊಳ್ಳುತ್ತಾರೆ. ಓವನ್‌ಗೆ 3.5 ಲಕ್ಷ, ಹಿಟ್ಟು ಕಲಸುವ ಮೆಷಿನ್‌ಗೆ 90 ಸಾವಿರ, ಗಾಜಿನ ಕೌಂಟರ್ ಮತ್ತು ಫ್ರಿಜ್‌ಗೆ 2.1 ಲಕ್ಷ ಆಗಿದೆ. ಮೈದಾ, ಸಕ್ಕರೆ, ಡಾಲ್ಡಾ ಎಲ್ಲ ಸೇರಿ ಒಂದೂವರೆ ಲಕ್ಷದ ಸಾಮಾನು ಇರುತ್ತದೆ. ಟೈಲ್ಸ್, ವೈರಿಂಗ್, ಅಲಮಾರಿಗೆ ನಾವೇ 2 ಲಕ್ಷ ಹಾಕಿದ್ದೇವೆ. ಆರು ಜನ ಹುಡುಗರಿದ್ದಾರೆ, ಮೂವರು ಅಟ್ಟದ ಮೇಲೇ ಮಲಗುತ್ತಾರೆ. ಒಬ್ಬರು ಏಜೆಂಟ್ ಬಂದು ಇನ್ನೂ ಐದು ಥರದ ಪಾಲಿಸಿ ಬೇಕೇ ಬೇಕು ಅಂತಾರೆ. ನಮ್ಮ ಯಜಮಾನರು ಇರೋದೇ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ. ಅದಕ್ಕೂ ಮೊದಲು ನಾಳೆ ಬೆಳಗ್ಗೆ ಬ್ಯಾಂಕಿಗೆ ಹೋಗಿ ಆ ಪಾಲಿಸಿಯ ಪ್ರತಿ ಇಸ್ಕೊಂಡು ಬನ್ನಿ. ಕಾಗದದಲ್ಲಿ ಇಷ್ಟೆಲ್ಲ ಬರೆದಿದ್ದೀರಿ, ಪಾಲಿಸಿ ನೋಡಿದ್ದೇನೆ ಅಂತ ಮಾತ್ರ ಎಲ್ಲೂ ಬರೆದಿಲ್ಲ. ನಾನು ಹೋದ ಅಂಗಡಿಗಳಲ್ಲಿ ಹತ್ತರಲ್ಲಿ ಏಳೆಂಟು ಜನ ಪಾಲಿಸಿಯನ್ನು ಮೊದಲ ಸಲ ನೋಡಿದ್ದು ಬೆಂಕಿ ಬಿದ್ದ ಮೇಲೇ.

ಪ್ರತಿ ಸಿಕ್ಕಿದ ಮೇಲೆ ಮೂರು ಜಾಗ ನೋಡಿ. ಮೊದಲು ವಿಳಾಸ. ಅಂಗಡಿಯ ವಿಳಾಸ ಇದೆಯೋ, ಸಾಲದ ಅರ್ಜಿಯಲ್ಲಿ ಕೊಟ್ಟ ಮನೆ ವಿಳಾಸ ಇದೆಯೋ? ಎರಡನೆಯದು ವ್ಯಾಪಾರ ಏನು ಅಂತ ಬರೆದಿರುವ ಸಾಲು. ಒಂದು ಬೇಕರಿಯ ಪಾಲಿಸಿಯಲ್ಲಿ “ಕಿರಾಣಿ ಅಂಗಡಿ” ಅಂತ ಇದ್ದದ್ದನ್ನು ನಾನೇ ನೋಡಿದ್ದೇನೆ. ಕಿರಾಣಿ ಅಂಗಡಿಯಲ್ಲಿ ಓವನ್ ಇರುವುದಿಲ್ಲ, ಬೆಂಕಿಯ ಕೆಲಸವೂ ಇರುವುದಿಲ್ಲ. ಆ ಕ್ಲೇಮ್ ಇತ್ಯರ್ಥ ಆಗುವಷ್ಟರಲ್ಲಿ ಅವರ ಚಪ್ಪಲಿ ಸವೆದಿತ್ತು. ಮೂರನೆಯದು ಏನೇನಕ್ಕೆ ಎಷ್ಟೆಷ್ಟು ಅಂತ ಬರೆದಿರುವ ಪಟ್ಟಿ.

ನಿಮ್ಮ 4 ಲಕ್ಷದ ಕಥೆ ಅಲ್ಲೇ ಇರುವುದು. ಬ್ಯಾಂಕು ಮಾಡಿಸುವುದು ತನ್ನ ಸಾಲದ ಭದ್ರತೆಗೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸಾಲ ಎಷ್ಟು ಬಾಕಿ ಇದೆ ಅನ್ನುವುದಕ್ಕೂ ನಿಮ್ಮ ಅಂಗಡಿಯಲ್ಲಿ ಎಷ್ಟು ಬೆಲೆಯ ಸಾಮಾನಿದೆ ಅನ್ನುವುದಕ್ಕೂ ಸಂಬಂಧವಿಲ್ಲ. ಮೆಷಿನ್ನು, ಕೌಂಟರ್, ಸರಕು ಸೇರಿಸಿದರೆ ನಿಮ್ಮ ಲೆಕ್ಕದಲ್ಲೇ 8 ಲಕ್ಷ ಆಗುತ್ತದೆ. ಇದಕ್ಕೆಲ್ಲ ಒಟ್ಟಾಗಿ 4 ಲಕ್ಷ ಬರೆಸಿದ್ದಾರೆ ಅಂದುಕೊಳ್ಳೋಣ. ಒಂದು ರಾತ್ರಿ ಬೆಂಕಿ ಬಿದ್ದು 2 ಲಕ್ಷದ್ದು ಮಾತ್ರ ಹಾಳಾಯಿತು. “4 ಲಕ್ಷ ಇದೆಯಲ್ಲ, 2 ಲಕ್ಷ ಪೂರ್ತಿ ಬರುತ್ತೆ” ಅಂತ ಯಜಮಾನರು ಹೇಳುತ್ತಾರೆ. ಬರುವುದಿಲ್ಲ. 8ಕ್ಕೆ 4 ಅಂದರೆ ನೀವು ಅರ್ಧಕ್ಕಷ್ಟೇ ವಿಮೆ ಮಾಡಿಸಿದ್ದೀರಿ, ಆದ್ದರಿಂದ ನಷ್ಟದಲ್ಲೂ ಅರ್ಧವೇ, 1 ಲಕ್ಷ. ಅದರಲ್ಲೂ ಸ್ವಲ್ಪ ಕಡಿತ ಇರುತ್ತದೆ. ಉಳಿದರ್ಧವನ್ನು ನೀವೇ ಹೊತ್ತಿದ್ದೀರಿ ಎಂಬ ಲೆಕ್ಕ. ನಮ್ಮ ಕಸುಬಿನಲ್ಲಿ ಇದಕ್ಕೆ ‘ಆವರೇಜ್’ ಅಂತಾರೆ. ಈ ಒಂದು ಪದ ವಿವರಿಸಿ ನಾನು ತಿಂದಷ್ಟು ಬೈಗುಳ ಇನ್ಯಾವುದಕ್ಕೂ ತಿಂದಿಲ್ಲ.

ಟೈಲ್ಸ್, ವೈರಿಂಗ್, ಅಲಮಾರಿಯ ಆ 2 ಲಕ್ಷ ಪಟ್ಟಿಯಲ್ಲೇ ಇಲ್ಲದಿದ್ದರೆ ಅದಕ್ಕೆ ಸೊನ್ನೆ. ಕಟ್ಟಡದ ಮಾಲೀಕರು ತಮ್ಮ ಕಟ್ಟಡಕ್ಕೆ ಮಾಡಿಸಿಕೊಂಡಿದ್ದರೂ ನೀವು ಹಾಕಿಸಿದ್ದು ಅದರಲ್ಲಿ ಬರುವುದಿಲ್ಲ. ಅದನ್ನು ಬೇರೆಯೇ ಸಾಲಿನಲ್ಲಿ ಬರೆಸಬೇಕು.

ನಿಮ್ಮಂಥವರಿಗಾಗಿಯೇ ಒಂದು ಪಾಲಿಸಿ ಇದೆ. ಹೆಸರು ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ. 2021ರ ಏಪ್ರಿಲ್ 1ರಿಂದ ಬಂದಿದೆ. ಒಂದು ಜಾಗದಲ್ಲಿರುವ ಒಟ್ಟು ಆಸ್ತಿ 5 ಕೋಟಿ ದಾಟದಿದ್ದರೆ ಇದೇ ಪಾಲಿಸಿ. 5ರಿಂದ 50 ಕೋಟಿಯವರಿಗೆ ಲಘು ಉದ್ಯಮ್ ಸುರಕ್ಷಾ ಅಂತ ಬೇರೆ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರವೇ ಷರತ್ತು ಬರೆದುಕೊಟ್ಟಿರುವುದರಿಂದ ಯಾವ ಕಂಪನಿಗೆ ಹೋದರೂ ಮೂಲ ಒಕ್ಕಣೆ ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು, ಎಲ್ಲ ಅದರಲ್ಲೇ ಇವೆ. ನನಗೆ ಇದರಲ್ಲಿ ಇಷ್ಟವಾದದ್ದು ಇನ್ನೊಂದು. ಮೊತ್ತ ನೂರಕ್ಕೆ 15ರವರೆಗೆ ಕಡಿಮೆ ಬಿದ್ದಿದ್ದರೆ ಆವರೇಜ್ ಹಾಕುವಂತಿಲ್ಲ. ಅಂದರೆ 8 ಲಕ್ಷದ ಜಾಗದಲ್ಲಿ 6 ಲಕ್ಷದ 80 ಸಾವಿರ ಬರೆಸಿದ್ದರೂ ನಡೆಯುತ್ತದೆ. ಮೈದಾ ರೇಟು ಏರಿತು, ದಸರಾಕ್ಕೆ ನಾಲ್ಕು ಮೂಟೆ ಜಾಸ್ತಿ ತರಿಸಿದಿರಿ ಅನ್ನುವಂಥ ಏರುಪೇರನ್ನು ಇದು ತಡೆದುಕೊಳ್ಳುತ್ತದೆ. ಅರ್ಧಕ್ಕರ್ಧ ಬರೆಸಿದವರನ್ನು ಇದೂ ಕಾಪಾಡುವುದಿಲ್ಲ.

ಬೇಕರಿಯವರು ತಪ್ಪು ತಿಳಿಯುವ ಎರಡು ಸಂಗತಿ ಹೇಳಿಬಿಡುತ್ತೇನೆ. ಓವನ್ ಒಳಗಿಟ್ಟ ಬ್ರೆಡ್ಡು ಕರಕಲಾದರೆ ಅದು ಬೆಂಕಿ ಅನಾಹುತವಲ್ಲ, ಕ್ಲೇಮ್ ಇಲ್ಲ. ಬಿಸಿ ಮಾಡಲೆಂದೇ ಇಟ್ಟ ವಸ್ತು ಆ ಬಿಸಿಗೇ ಹಾಳಾದರೆ ಪಾಲಿಸಿ ಕೊಡುವುದಿಲ್ಲ. ಅದೇ ಬೆಂಕಿ ಓವನ್ನಿಂದ ಹೊರಗೆ ಬಂದು ಪಕ್ಕದ ಡಾಲ್ಡಾ ಡಬ್ಬಕ್ಕೆ ಹತ್ತಿದರೆ ಕ್ಲೇಮ್ ಇದೆ. ಎರಡನೆಯದು, ವೋಲ್ಟೇಜ್ ಏರಿ ಹಿಟ್ಟು ಕಲಸುವ ಮೆಷಿನ್ನಿನ ಮೋಟಾರ್ ಸುಟ್ಟರೆ ಆ ಮೋಟಾರಿಗೆ ಬೆಂಕಿ ಪಾಲಿಸಿಯಲ್ಲಿ ದುಡ್ಡಿಲ್ಲ. ಅದಕ್ಕೆ ಯಂತ್ರ ಕೆಟ್ಟರೆ ಕೊಡುವ ಬೇರೆ ಪಾಲಿಸಿ ಇದೆ, ನಿಮ್ಮ ಏಜೆಂಟರ ಐದರಲ್ಲಿ ಅದೂ ಒಂದಿರಬೇಕು. ನನ್ನನ್ನು ಕೇಳಿದರೆ, ಮಿಕ್ಸರ್‌ಗೆ ಬೇಡ. ಆ ದುಡ್ಡಿಗೆ ಒಳ್ಳೆಯ ಸ್ಟೆಬಿಲೈಸರ್ ಹಾಕಿಸಿ. ಓವನ್ ದುಬಾರಿ, ಅದೊಂದಕ್ಕೆ ಬೇಕಾದರೆ ರೇಟು ಕೇಳಿ ನೋಡಿ.

ಇನ್ನು ಹುಡುಗರ ವಿಷಯ. ನಾನಾದರೆ ಇದನ್ನು ಓವನ್‌ಗಿಂತ ಮೊದಲು ಇಡುತ್ತೇನೆ. ಹತ್ತು ಜನ ಕೆಲಸಗಾರರಿದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಬರುತ್ತದೆ, 21 ಸಾವಿರದವರೆಗೆ ಸಂಬಳ ಇರುವವರಿಗೆ ಅದರ ರಕ್ಷಣೆ. ನಿಮ್ಮಲ್ಲಿ ಆರೇ ಜನ. ಹಾಗಾದರೆ ಕೆಲಸ ಮಾಡುವಾಗ ಏನಾದರೂ ಆದರೆ ಪರಿಹಾರ ಯಾರು ಕೊಡಬೇಕು? ನೀವೇ. 1923ರಿಂದ ಈ ದೇಶದಲ್ಲಿ ಕಾನೂನು ಹೀಗೇ ಇದೆ. ಮೊತ್ತ ಕೇಳಿ. ತಿಂಗಳಿಗೆ 15 ಸಾವಿರ ಸಂಬಳದ 25 ವರ್ಷದ ಹುಡುಗ ಕೆಲಸದಲ್ಲಿ ತೀರಿಕೊಂಡರೆ, ಸಂಬಳದ ಅರ್ಧವನ್ನು, ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ 216.91ರಿಂದ ಗುಣಿಸಬೇಕು. 16 ಲಕ್ಷದ 26 ಸಾವಿರ ಚಿಲ್ಲರೆ ಆಗುತ್ತದೆ. ನಿಮ್ಮ ಇಡೀ ಬೇಕರಿಯ ಬೆಲೆಗಿಂತ ಜಾಸ್ತಿ. ಇದಕ್ಕೆ ‘ಎಂಪ್ಲಾಯೀಸ್ ಕಾಂಪೆನ್ಸೇಷನ್’ ಪಾಲಿಸಿ ತೆಗೆದುಕೊಳ್ಳಿ. ಆರೂ ಜನರನ್ನು ಲೆಕ್ಕಕ್ಕೆ ಹಿಡಿಸಿ, ನಿಜವಾದ ಸಂಬಳ ಬರೆಸಿ. ಪ್ರೀಮಿಯಂ ಉಳಿಸಲು 6 ಸಾವಿರ ಸಂಬಳ ಅಂತ ಬರೆಸುವವರಿದ್ದಾರೆ, ಆಮೇಲೆ ಕಂಪನಿ 6 ಸಾವಿರದ ಲೆಕ್ಕದಲ್ಲೇ ಕೊಡುತ್ತದೆ. ಬ್ಯಾಂಕಿನಲ್ಲಿ 20 ರೂಪಾಯಿಗೆ ಸಿಗುವ ಸುರಕ್ಷಾ ಬಿಮಾ ಇದೆಯಲ್ಲ, ಅಪಘಾತದಲ್ಲಿ ಸತ್ತರೆ 2 ಲಕ್ಷ, ಅದನ್ನೂ ಹುಡುಗರಿಗೆ ಮಾಡಿಸಿ. ಆದರೆ ಅದು ಅವರ ಮನೆಯವರಿಗೆ ಹೋಗುವ ದುಡ್ಡು. ನಿಮ್ಮ ಹೊಣೆಯಲ್ಲಿ ಒಂದು ರೂಪಾಯಿಯೂ ಅದರಿಂದ ಕಡಿಮೆಯಾಗುವುದಿಲ್ಲ.

ಮೂವರು ಅಟ್ಟದ ಮೇಲೆ ಮಲಗುತ್ತಾರೆ ಅಂದಿರಿ. ರಾತ್ರಿ ನೀವು ಮನೆಗೆ ಹೋಗುವಾಗ ಶಟರ್‌ಗೆ ಹೊರಗಿನಿಂದ ಬೀಗ ಹಾಕುತ್ತೀರಾ? ಹಾಕುತ್ತಿದ್ದರೆ ಇವತ್ತು ರಾತ್ರಿಯಿಂದಲೇ ನಿಲ್ಲಿಸಿ. ಒಳಗಿನಿಂದ ತೆಗೆಯಲು ಬರುವ ಇನ್ನೊಂದು ಬಾಗಿಲು ಇರಲೇಬೇಕು. ಇದು ವಿಮೆಯ ಮಾತಲ್ಲ. ನಾನು ಒಂದು ಸಲ ಅಂಥ ಅಟ್ಟ ಹತ್ತಿ ಫೋಟೊ ತೆಗೆದಿದ್ದೇನೆ, ಅದರ ಬಗ್ಗೆ ಹೆಚ್ಚು ಬರೆಯಲು ಇಷ್ಟವಿಲ್ಲ.

ಏಜೆಂಟರ ಉಳಿದ ಮೂರು ಬಹುಶಃ ಕಳ್ಳತನ, ಗಿರಾಕಿಗಳ ಹೊಣೆ, ವ್ಯಾಪಾರ ನಿಂತ ನಷ್ಟ. ಮೊಟ್ಟೆ ಪಫ್ ತಿಂದು ನಾಲ್ಕು ಜನ ಆಸ್ಪತ್ರೆ ಸೇರಿದರೆ ಅನ್ನುವ ಭಯ ಬೇಕರಿಯವರಿಗೆ ಇದ್ದೇ ಇರುತ್ತದೆ. ಅದಕ್ಕೆ ಹೊಣೆಯ ಪಾಲಿಸಿ ಒಳ್ಳೆಯದು. ಆದರೆ ಅಂಗಡಿಯೊಳಗೆ ಜಾರಿ ಬಿದ್ದವರಿಗೆ ಮಾತ್ರವೋ, ಮಾರಿದ ತಿಂಡಿಯಿಂದ ಆದ ತೊಂದರೆಗೂ ಉಂಟೋ ಅಂತ ಬರಹದಲ್ಲಿ ಕೇಳಿ. ಎರಡೂ ಬೇರೆ ಬೇರೆ. ಕಳ್ಳತನದ್ದು ನಿಮ್ಮ ಮಟ್ಟಿಗೆ ಸಣ್ಣದು, ಯಾರೂ ಓವನ್ ಹೊತ್ತುಕೊಂಡು ಹೋಗುವುದಿಲ್ಲ. ವ್ಯಾಪಾರ ನಿಂತ ನಷ್ಟಕ್ಕೆ ಪಾಲಿಸಿ ಬೇಕೆಂದರೆ ದಿನದ ವ್ಯಾಪಾರ ಪುಸ್ತಕದಲ್ಲಿ ಸರಿಯಾಗಿ ಏರಿರಬೇಕು. ಗಲ್ಲಾಪೆಟ್ಟಿಗೆಯೇ ಲೆಕ್ಕದ ಪುಸ್ತಕ ಆಗಿರುವ ಕಡೆ ಅದನ್ನು ಕೊಂಡು ಉಪಯೋಗವಿಲ್ಲ.

ಖಾತೆಯಿಂದ ತಾನಾಗಿ ಮುರಿಯುತ್ತದೆ ಅಂತ ನಂಬಿ ಕೂರಬೇಡಿ. ಪ್ರೀಮಿಯಂ ಕೈ ಸೇರದೆ ವಿಮೆ ಶುರುವಾಗುವುದಿಲ್ಲ ಅಂತ 1938ರ ವಿಮಾ ಕಾಯ್ದೆಯ 64 ವಿಬಿ ಕಲಮಿನಲ್ಲಿದೆ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ನನ್ನ ತಮ್ಮನ ಜೆರಾಕ್ಸ್ ಅಂಗಡಿಯದೇ ಆ ಕಥೆ. ಮುರಿಯಬೇಕಾದ ದಿನ ಖಾತೆಯಲ್ಲಿ 600 ರೂಪಾಯಿ ಕಡಿಮೆ ಇತ್ತು. ಬ್ಯಾಂಕಿನಿಂದ ಯಾರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಎರಡು ತಿಂಗಳ ಮೇಲೆ ಮಳೆನೀರು ನುಗ್ಗಿ ಎರಡು ಮೆಷಿನ್ ಹೋದವು. ಅಕ್ಕ ಸರ್ವೇಯರ್, ತಮ್ಮನಿಗೆ ಪಾಲಿಸಿಯೇ ಇಲ್ಲ. ಈಗಲೂ ಹಬ್ಬಕ್ಕೆ ಸೇರಿದಾಗ ಆ ಮಾತು ಬರುತ್ತದೆ.

ಗುಳೇದಗುಡ್ಡದಿಂದ ಬರೀತಿದ್ದೀನ್ರಿ. ಖಣ ನೇಯಿಸಿ ಮಾರೋದು ನಮ್ಮ ಉದ್ಯೋಗ. ಅಂಗಡಿ, ಗೋದಾಮು ಎರಡಕ್ಕೂ 12 ಲಕ್ಷದ ಪಾಲಿಸಿ ಐತಿ. ಸಾಕಾಗ್ತದೇನ್ರಿ?

ನಿಮ್ಮ ನೂಲು ಎಲ್ಲಿರುತ್ತದೆ ಅಂತ ನೀವು ಬರೆದಿಲ್ಲ, ನಾನೇ ಊಹಿಸುತ್ತೇನೆ. ಅರ್ಧ ಗೋದಾಮಿನಲ್ಲಿ, ಉಳಿದರ್ಧ ಇಪ್ಪತ್ತು ಮೂವತ್ತು ನೇಕಾರರ ಮನೆಗಳಲ್ಲಿ, ಮಗ್ಗದ ಮೇಲೆ. ಪಾಲಿಸಿ ಹಿಡಿಯುವುದು ಅದರಲ್ಲಿ ಬರೆದ ವಿಳಾಸದಲ್ಲಿರುವ ಸರಕನ್ನು ಮಾತ್ರ. ನೇಕಾರರ ಮನೆಗೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಅಲ್ಲಿದ್ದ ನಿಮ್ಮ ರೇಷ್ಮೆ ಲೆಕ್ಕಕ್ಕಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳವರೆಗೂ ಬಂದದ್ದು ನಿಮ್ಮ ತಾಲೂಕಿನ ಪಕ್ಕದಲ್ಲೇ ಅಲ್ವಾ? ಮಜೂರಿಗೆ ಕೊಟ್ಟ ಸರಕು ಇಂಥಿಂಥ ಮನೆಗಳಲ್ಲಿ ಇರುತ್ತದೆ ಅಂತ ಪಟ್ಟಿ ಕೊಟ್ಟು, ಪಾಲಿಸಿಯಲ್ಲಿ ಸೇರಿಸಲು ಕೇಳಿ. ಸೇರಿಸುತ್ತಾರೆ. ಜೊತೆಗೆ ಯಾರಿಗೆ ಎಷ್ಟು ನೂಲು ಕೊಟ್ಟಿರಿ ಅನ್ನುವ ಚೋಪಡಿ ಸರಿಯಾಗಿಡಿ. ಅದನ್ನು ಗೋದಾಮಿನಲ್ಲಿ ಇಡಬೇಡಿ, ಮನೆಯಲ್ಲಿಡಿ. ಸರಕಿನ ಜೊತೆ ಲೆಕ್ಕವೂ ಸುಟ್ಟುಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

ಶಿವಮೊಗ್ಗದಲ್ಲಿ ಮೊಬೈಲ್ ಅಂಗಡಿ. ಹಳೆಯ ಹುಡುಗನೊಬ್ಬ ನಕಲಿ ಕೀ ಮಾಡಿಸಿ ರಾತ್ರಿ ಶಟರ್ ತೆಗೆದು 14 ಫೋನ್ ಒಯ್ದ. ಕಳ್ಳತನದ ಪಾಲಿಸಿ ಇದ್ದರೂ ಕೊಡುವುದಿಲ್ಲ ಅಂತಿದ್ದಾರೆ. ಇದು ನ್ಯಾಯವಾ?

ನ್ಯಾಯವೋ ಅಲ್ಲವೋ, ಪಾಲಿಸಿಯಲ್ಲಿ ಇರುವುದು ಹಾಗೇ. ಅಂಗಡಿಯವರು ಕೊಳ್ಳುವ ಕಳ್ಳತನದ ಪಾಲಿಸಿ ಅಂದರೆ ಒಡೆದು ನುಗ್ಗಿದ ಕಳ್ಳತನ. ಬೀಗ ಮುರಿದ, ಶಟರ್ ಬಗ್ಗಿಸಿದ, ಗೋಡೆ ಕೊರೆದ ಗುರುತು ಬೇಕು. ನಾವು ಹೋದ ಕೂಡಲೇ ನೋಡುವುದು ಬೀಗವನ್ನೇ. ನಿಮ್ಮಲ್ಲಿ ಬೀಗ ಸರಿಯಾಗಿಯೇ ಇದೆ. ಗಿರಾಕಿ ಹಾಗೆ ಬಂದವನು ಕೌಂಟರ್ ಮೇಲಿನ ಫೋನ್ ಎತ್ತಿಕೊಂಡು ಹೋದರೂ ಇದೇ ಉತ್ತರ. ಕೆಲಸದವರು ಮಾಡಿದ ಮೋಸಕ್ಕೆ ‘ಫಿಡೆಲಿಟಿ ಗ್ಯಾರಂಟಿ’ ಅಂತ ಬೇರೆ ಪಾಲಿಸಿ. ಅಂಗಡಿಯವರ ಪ್ಯಾಕೇಜ್ ಪಾಲಿಸಿ ತೆಗೆದುಕೊಂಡರೆ ಅದೂ ಒಂದು ವಿಭಾಗವಾಗಿ ಸಿಗುತ್ತದೆ, ಆದರೆ ನೀವು ಕೇಳಿ ಸೇರಿಸಿಕೊಳ್ಳಬೇಕು. ನಿಮ್ಮ ಹುಡುಗ ಆಗ ಕೆಲಸದಲ್ಲಿದ್ದನೋ, ಬಿಟ್ಟುಹೋಗಿದ್ದನೋ ಅನ್ನುವುದರ ಮೇಲೂ ಅಲ್ಲಿ ಮಾತು ಬರುತ್ತದೆ. “ಹಳೆಯ ಹುಡುಗ” ಅಂದರೆ ಯಾವ ಅರ್ಥದಲ್ಲಿ ಬರೆದಿರೋ ನನಗೆ ತಿಳಿಯಲಿಲ್ಲ.

ಶಿರಸಿ ಹತ್ತಿರದ ಹಳ್ಳಿ. ಮನೆಯಲ್ಲೇ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಮನೆಗೆ ವಿಮೆ ಇದೆ. ಬೇರೆ ಬೇಕಾ?

ಬೇಕು. ಮನೆಯ ಪಾಲಿಸಿ ನಿಮ್ಮ ಪಾತ್ರೆ, ಮಂಚ, ಟಿವಿಯನ್ನು ನೋಡಿಕೊಳ್ಳುತ್ತದೆ. ಮಾರಾಟಕ್ಕಿಟ್ಟ ಭರಣಿಗಳು ಮನೆಸಾಮಾನಲ್ಲ, ಸರಕು. ನಿಮ್ಮದೂ ಸೂಕ್ಷ್ಮ ಉದ್ಯಮವೇ, ಮೇಲೆ ಹೇಳಿದ ಪಾಲಿಸಿಯನ್ನು ಸಣ್ಣ ಮೊತ್ತಕ್ಕೆ ತೆಗೆದುಕೊಳ್ಳಿ. ಮಾವಿನ ಮಿಡಿ ಸೀಸನ್ನಿನಲ್ಲಿ ಸರಕು ಎಷ್ಟಿರುತ್ತದೋ ಆ ಮೊತ್ತ ಬರೆಸಿ, ಮಳೆಗಾಲದ ಕೊನೆಯ ಖಾಲಿ ಭರಣಿ ನೋಡಿ ಬರೆಸಬೇಡಿ.

ರಾಣೇಬೆನ್ನೂರು. ನಮ್ಮ ರೆಡಿಮೇಡ್ ಬಟ್ಟೆ ಅಂಗಡಿ ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟಿತು. 22 ಲಕ್ಷ ಕೇಳಿದ್ದೆವು, ಸರ್ವೇಯರ್ 9 ಲಕ್ಷ ಬರೆದಿದ್ದಾರೆ. ನೀವೂ ಸರ್ವೇಯರ್ ಆಗಿದ್ದವರು. ಹೀಗೇಕೆ ಮಾಡುತ್ತೀರಿ ಹೇಳಿ.

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಿಮ್ಮ ಕಡತ ನಾನು ನೋಡಿಲ್ಲ, ಹಾಗಾಗಿ ಅವರು ಸರಿಯೋ ತಪ್ಪೋ ಹೇಳಲಾರೆ. ನಾವು ಹೇಗೆ ಎಣಿಸುತ್ತೇವೆ ಅನ್ನುವುದನ್ನು ಹೇಳುತ್ತೇನೆ. ಒಂದು ಬಟ್ಟೆ ಅಂಗಡಿಯಲ್ಲಿ 900 ಜೀನ್ಸ್ ಪ್ಯಾಂಟ್ ಸುಟ್ಟಿವೆ ಅಂತ ಬರೆದುಕೊಟ್ಟಿದ್ದರು. ಬಟ್ಟೆ ಬೂದಿಯಾಗುತ್ತದೆ, ಸೊಂಟದ ಹಿತ್ತಾಳೆ ಗುಂಡಿ ಆಗುವುದಿಲ್ಲ. ಒಂದು ಪ್ಯಾಂಟಿಗೆ ಒಂದೇ ಗುಂಡಿ. ಬೂದಿಯನ್ನು ಜರಡಿ ಹಿಡಿಸಿ, ನೆಲದ ಮೇಲೆ ಕೂತು ಎಣಿಸಿದೆ. 412 ಸಿಕ್ಕವು. ಮಾಲೀಕರು ಆಮೇಲೆ ಮಾತಾಡಲಿಲ್ಲ, ಒಂದು ಲೋಟ ಚಹಾ ತರಿಸಿಕೊಟ್ಟರು.

ಗುಂಡಿಗಿಂತ ದೊಡ್ಡ ಸಾಕ್ಷಿ ಕಾಗದ. ಒಂದು ಅಂಗಡಿಯ ಲೆಕ್ಕ ಹೀಗಿದೆ ಅಂದುಕೊಳ್ಳಿ. ಓವರ್‌ಡ್ರಾಫ್ಟ್ ಸಾಲದ ಮಿತಿ ಏರಿಸಿಕೊಳ್ಳಲು ಬ್ಯಾಂಕಿಗೆ ತಿಂಗಳು ತಿಂಗಳು ಕೊಡುವ ಸರಕಿನ ಪಟ್ಟಿಯಲ್ಲಿ 25 ಲಕ್ಷ. ತೆರಿಗೆ ಕಡಿಮೆ ಬರಲೆಂದು ಆಡಿಟರ್‌ಗೆ ಕೊಟ್ಟ ಲೆಕ್ಕದಲ್ಲಿ 10 ಲಕ್ಷ. ಪ್ರೀಮಿಯಂ ಉಳಿಸಲು ಪಾಲಿಸಿಯಲ್ಲಿ 15 ಲಕ್ಷ. ಬೆಂಕಿ ಬಿದ್ದ ಮಾರನೇ ದಿನ ಈ ಮೂರೂ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಸರ್ವೇಯರ್ ಖರೀದಿ ಬಿಲ್ಲು ಮತ್ತು ಜಿಎಸ್‌ಟಿ ಲೆಕ್ಕ ಹಿಡಿದು, ವರ್ಷದ ಆರಂಭದ ಸರಕಿಗೆ ಕೊಂಡದ್ದನ್ನು ಕೂಡಿಸಿ, ಮಾರಿದ್ದನ್ನು ಕಳೆಯುತ್ತಾರೆ. ಉಳಿದದ್ದೇ ಅಂಗಡಿಯಲ್ಲಿದ್ದ ಸರಕು. ಅದೂ ನೀವು ಕೊಂಡ ಬೆಲೆಗೆ. ಸ್ಟಿಕ್ಕರ್ ಮೇಲಿನ ಎಂಆರ್‌ಪಿ ಹಿಡಿದು ಕೇಳಿದ್ದರೆ ಅಲ್ಲೇ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಮುರಿದುಕೊಳ್ಳುವುದು, ತೆಗೆದುಕೊಳ್ಳುವವರಾದರೆ ಆ ತೆರಿಗೆಯ ಭಾಗವನ್ನೂ ಸಾಮಾನ್ಯವಾಗಿ ಕಳೆಯುತ್ತಾರೆ.

ಈಗ ಮಾಡುವುದೇನು? ಮೊದಲು ಸರ್ವೇ ವರದಿಯ ಪ್ರತಿ ಬರಹದಲ್ಲಿ ಕೇಳಿ. ಎಲ್ಲಿ ಎಷ್ಟು ಕಡಿದಿದ್ದಾರೆ, ಯಾಕೆ ಅಂತ ಅದರಲ್ಲಿರುತ್ತದೆ. ಸೇರದೆ ಉಳಿದ ಬಿಲ್ಲುಗಳಿದ್ದರೆ, ಸಗಟು ವ್ಯಾಪಾರಿಗಳಿಂದ ನಕಲು ತರಿಸಿ, ಕಂಪನಿಯ ದೂರು ವಿಭಾಗಕ್ಕೆ ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದು ಮನೆಯವರ ಆರೋಗ್ಯ ವಿಮೆಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಒಬ್ಬರೇ ಮಾಲೀಕರಿರುವ ವ್ಯಾಪಾರ ಮತ್ತು ಸೂಕ್ಷ್ಮ ಉದ್ಯಮದ ಪಾಲಿಸಿಗಳನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. 50 ಲಕ್ಷದವರೆಗಿನ ತಕರಾರು ನಡೆಯುತ್ತದೆ. ಕಂಪನಿ ಕೊನೆಯ ಉತ್ತರ ಕೊಟ್ಟು ಒಂದು ವರ್ಷ ದಾಟಿರಬಾರದು, ಅದೇ ವಿಷಯಕ್ಕೆ ಗ್ರಾಹಕರ ಆಯೋಗದಲ್ಲಿ ಕೇಸು ಇರಬಾರದು. ನಮ್ಮ ರಾಜ್ಯದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ನೀವೇ ಕೂತು ಮಾತಾಡಬೇಕು. ಹೋಗುವಾಗ ಬ್ಯಾಂಕಿಗೆ ಕೊಟ್ಟ ಪಟ್ಟಿ ಮತ್ತು ಆಡಿಟರ್ ಲೆಕ್ಕ ಎರಡನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿಕೊಂಡು ಹೋಗಿ. ಅಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬರುತ್ತದೆ.